ಸತ್ತಿಲ್ಲ, ಕಾಯುತ್ತಿದೆ!

ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದು ನೋಡಿದರೆ ನಮ್ಮ ಬೀದಿಯ ಕೊನೆಯ ಮನೆಯ ಮೇಷ್ಟ್ರು. ಅವರ ಹಿಂದೆ, ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಿಂತ ಮಗಳು. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಓದುತ್ತಿರುವ ಹುಡುಗಿ. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

‘ಸಾರ್, ಇದು ಬೆಳಗಿನಿಂದ ಏಳ್ತಾನೇ ಇಲ್ಲ. ನಾಳೆ ಇವಳು ಪ್ರಾಜೆಕ್ಟ್ ವರದಿ ಒಪ್ಪಿಸಬೇಕು. ಬರೆದಿದ್ದೆಲ್ಲ ಇದರಲ್ಲೇ ಇದೆಯಂತೆ’ ಎಂದರು ಮೇಷ್ಟ್ರು.

ನಮ್ಮಲ್ಲಿಗೆ ಬರುವ ಮೊದಲು ಅವರು ಪೇಟೆಯ ಒಂದು ರಿಪೇರಿ ಅಂಗಡಿಗೂ ಹೋಗಿ ಬಂದಿದ್ದರು. ಅಲ್ಲಿಯ ಹುಡುಗ ಎರಡು ಸಲ ಆನ್ ಮಾಡಿ ನೋಡಿ, ‘ಲಿನಕ್ಸಾ? ಹ್ಯಾಂಗ್ ಆಗಿದೆ. ಫಾರ್ಮ್ಯಾಟ್ ಮಾಡ್ಬೇಕು. ಒಳಗಿರೋದು ಉಳಿಯುತ್ತೆ ಅಂತ ಗ್ಯಾರಂಟಿ ಕೊಡಲ್ಲ’ ಎಂದಿದ್ದನಂತೆ. ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿರುವುದನ್ನು ಅಳಿಸಿ ಎಲ್ಲವನ್ನೂ ಹೊಸದಾಗಿ ಹಾಕುವುದು. ಹೊಲದಲ್ಲಿ ನಾಲ್ಕು ಕಳೆ ಕಂಡವೆಂದು ಪೈರಿನ ಸಮೇತ ಉತ್ತು ಹಾಕಿದ ಹಾಗೆ. ಹುಡುಗಿಯ ಬಳಿ ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿಯೇನೋ ಇತ್ತು. ಅದು ಮೂರು ವಾರ ಹಿಂದಿನದು.

ಮೇಷ್ಟ್ರ ತಕರಾರು ಬೇರೆಯೇ ಇತ್ತು. ‘ದುಡ್ಡು ಕೊಟ್ಟು ತಗೊಳ್ಳೋದನ್ನ ಬಿಟ್ಟು ಪುಕ್ಕಟೆ ಸಿಗುತ್ತೆ ಅಂತ ಇದನ್ನ ಹಾಕ್ಕೊಂಡಳು ಸಾರ್. ಪುಕ್ಕಟೆ ಬಂದದ್ದು ಇನ್ನೇನಾಗುತ್ತೆ?’

ನಾನು ಹುಡುಗಿಯನ್ನು ಒಂದೇ ಪ್ರಶ್ನೆ ಕೇಳಿದೆ: ‘ನಿನ್ನೆಯಿಂದ ಇವತ್ತಿಗೆ ಏನಾದರೂ ಬದಲಾಯಿಸಿದೆಯೇನಮ್ಮಾ?’

‘ಏನೂ ಇಲ್ಲ ಅಂಕಲ್. ರಾತ್ರಿ ಸರಿಯಾಗಿ ಶಟ್‌ಡೌನ್ ಮಾಡಿ ಮಲಗಿದೆ. ಬೆಳಿಗ್ಗೆ ಆನ್ ಮಾಡಿದ್ರೆ ಹೀಗೆ.’

ಈ ಉತ್ತರವನ್ನು ನೆನಪಿನಲ್ಲಿಡಿ. ಮತ್ತೆ ಇಲ್ಲಿಗೇ ಬರೋಣ.

ಐದು ಕೈ ದಾಟುವ ಕೋಲು

ಮೊದಲು ಮೇಷ್ಟ್ರ ಮಾತಿಗೆ ಉತ್ತರ ಹೇಳಿಬಿಡೋಣ. ಲಿನಕ್ಸ್ ಹುಟ್ಟಿದ್ದು 1991ರಲ್ಲಿ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ 21ನೇ ವಯಸ್ಸಿನಲ್ಲಿ ಹವ್ಯಾಸಕ್ಕೆಂದು ಬರೆಯಲು ತೊಡಗಿದ್ದು ಅದು. ಇಂದು ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿರುವ ಅಷ್ಟೂ ಯಂತ್ರಗಳಲ್ಲಿ ಓಡುವುದು ಲಿನಕ್ಸೇ. 2017ರ ನವೆಂಬರಿನಿಂದಲೂ ಹಾಗೆಯೇ ಇದೆ. ಮೇಷ್ಟ್ರ ಜೇಬಿನಲ್ಲಿದ್ದ ಆಂಡ್ರಾಯ್ಡ್ ಮೊಬೈಲಿನ ತಿರುಳು ಕೂಡ ಅದೇ. ಆದ್ದರಿಂದ ‘ಪುಕ್ಕಟೆ, ಅದಕ್ಕೇ ಕೆಟ್ಟಿತು’ ಎನ್ನುವಂತಿಲ್ಲ. ದುಡ್ಡು ಕೊಟ್ಟು ತಂದದ್ದೂ ಕೆಡುತ್ತದೆ. ಕೆಟ್ಟಾಗ ಎಲ್ಲಿ ಕೆಟ್ಟಿತೆಂದು ತೋರಿಸುತ್ತದೆಯೋ ಇಲ್ಲವೋ ಎಂಬುದೇ ಮುಖ್ಯ. ಲಿನಕ್ಸ್ ತೋರಿಸುತ್ತದೆ. ನೋಡುವ ಕ್ರಮ ನಮಗೆ ಗೊತ್ತಿರಬೇಕು, ಅಷ್ಟೆ.

ಗುಂಡಿ ಒತ್ತಿದ ಕ್ಷಣದಿಂದ ನಿಮ್ಮ ಹೆಸರು ಮತ್ತು ಗುಪ್ತಪದ ಕೇಳುವ ತೆರೆ ಬರುವವರೆಗೆ ಲ್ಯಾಪ್‌ಟಾಪಿನೊಳಗೆ ನಡೆಯುವುದು ಒಂದು ರಿಲೇ ಓಟ. ಶಾಲೆಯ ಕ್ರೀಡಾಕೂಟದಲ್ಲಿ ನೋಡಿರುತ್ತೀರಿ: ಒಬ್ಬ ಓಡಿ ಬಂದು ಕೈಯಲ್ಲಿರುವ ಕೋಲನ್ನು ಮುಂದಿನವನಿಗೆ ಕೊಡುತ್ತಾನೆ. ಇಲ್ಲಿ ಕೋಲು ಐದು ಕೈ ದಾಟಬೇಕು.

ಮೊದಲನೆಯ ಓಟಗಾರ, ಯಂತ್ರ ತಯಾರಿಸಿದವರು ಒಂದು ಚಿಪ್ಪಿನಲ್ಲಿ ಬರೆದಿಟ್ಟ ಸಣ್ಣ ತಂತ್ರಾಂಶ. ಹಳಬರು ಇದನ್ನು ಬಯಾಸ್ ಎಂದು ಕರೆಯುತ್ತಿದ್ದರು. ಈಗಿನ ಯಂತ್ರಗಳಲ್ಲಿ ಯುಇಎಫ್ಐ ಎಂಬ ಹೊಸ ಮಾದರಿ ಇರುತ್ತದೆ. ಮೆಮೊರಿ ಇದೆಯೇ, ಕೀಲಿಮಣೆ ಇದೆಯೇ, ಡಿಸ್ಕ್ ಇದೆಯೇ ಎಂದು ಅದು ಹಾಜರಿ ಕರೆಯುತ್ತದೆ. ತೆರೆಯ ಮೇಲೆ ಕಂಪೆನಿಯ ಲಾಂಛನ ಕಾಣುವುದು ಆಗಲೇ. ಎರಡನೆಯದು ಗ್ರಬ್. ಯಾವ ವ್ಯವಸ್ಥೆಯನ್ನು ಎಬ್ಬಿಸಬೇಕು ಎಂದು ಪಟ್ಟಿ ಇಟ್ಟುಕೊಂಡಿರುವ ದ್ವಾರಪಾಲಕ. ಮೂರನೆಯದು ಕರ್ನಲ್, ಅಂದರೆ ಲಿನಕ್ಸಿನ ತಿರುಳು. ಪ್ರೊಸೆಸರ್, ತೆರೆ, ಡಿಸ್ಕ್ ಎಲ್ಲದರ ಹಿಡಿತವನ್ನೂ ಇದು ತನ್ನ ಕೈಗೆ ತೆಗೆದುಕೊಳ್ಳುತ್ತದೆ. ನಾಲ್ಕನೆಯದು ಸಿಸ್ಟಂಡಿ. 2010ರಲ್ಲಿ ಹುಟ್ಟಿ ಇಂದು ಬಹುಪಾಲು ಲಿನಕ್ಸ್‌ಗಳಲ್ಲಿ ಇರುವ ಇದು ಮದುವೆ ಮನೆಯ ಮೇಲ್ವಿಚಾರಕನಂತೆ: ನೀನು ನೀರು ತಾ, ನೀನು ಎಲೆ ಹಾಕು, ಎಲೆ ಹಾಕಿದ ಮೇಲೆ ನೀನು ಬಡಿಸು ಎಂದು ಹತ್ತಾರು ಕೆಲಸಗಳನ್ನು ಒಂದರ ಹಿಂದೆ ಒಂದು, ಕೆಲವನ್ನು ಜೊತೆಜೊತೆಗೆ ಮಾಡಿಸುತ್ತದೆ. ಐದನೆಯದು ಹೆಸರು, ಗುಪ್ತಪದ ಕೇಳುವ ಚಿತ್ರದ ತೆರೆ.

‘ಹ್ಯಾಂಗ್ ಆಯಿತು’ ಎಂದರೆ ಈ ಐವರಲ್ಲಿ ಯಾರದೋ ಕೈಯಲ್ಲಿ ಕೋಲು ನಿಂತಿದೆ ಎಂದರ್ಥ. ಓಟಗಾರ ಕೆಲವೊಮ್ಮೆ ಬಿದ್ದಿರಬಹುದು ನಿಜ. ಆದರೆ ಎಷ್ಟೋ ಸಲ ಅವನು ಬಿದ್ದಿರುವುದಿಲ್ಲ. ಯಾರಿಗೋ, ಯಾವುದಕ್ಕೋ ಕಾಯುತ್ತ ನಿಂತಿರುತ್ತಾನೆ. ಯಾವುದಕ್ಕೆ ಎಂದು ತಿಳಿದರೆ ಅರ್ಧ ರಿಪೇರಿ ಮುಗಿದಂತೆ.

ಬಿದ್ದಿದ್ದಾನೋ ಕಾಯುತ್ತಿದ್ದಾನೋ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಕೀಲಿಮಣೆಯ ಕ್ಯಾಪ್ಸ್‌ಲಾಕ್ ಕೀಲಿಯನ್ನು ಒತ್ತಿ ನೋಡಿ. ಅದರ ಪುಟ್ಟ ದೀಪ ಹತ್ತಿ, ಮತ್ತೊಮ್ಮೆ ಒತ್ತಿದಾಗ ಆರಿದರೆ ಕರ್ನಲ್ ಎಚ್ಚರವಾಗಿದೆ. ದೀಪ ತಾನೇ ತಾನಾಗಿ ಮಿನುಗುತ್ತಿದ್ದರೆ ಅದು ಕರ್ನಲ್ ಬಿದ್ದ ಗುರುತು. ದೀಪವೇ ಇಲ್ಲದ ಲ್ಯಾಪ್‌ಟಾಪುಗಳಿಗೆ ಈ ಪರೀಕ್ಷೆ ಇಲ್ಲ.

ಪರದೆ ಸರಿಸಿ ನೋಡಿ

ನಮ್ಮ ಹುಡುಗಿಯ ಯಂತ್ರವನ್ನು ಆನ್ ಮಾಡಿದೆವು. ಕಂಪೆನಿಯ ಲಾಂಛನ ಬಂತು, ಹೋಯಿತು. ಲಿನಕ್ಸಿನ ಲಾಂಛನ ಬಂತು. ಅದರ ಕೆಳಗೆ ಒಂದು ಚಕ್ರ ತಿರುಗತೊಡಗಿತು, ತಿರುಗುತ್ತಲೇ ಇತ್ತು. ಅರ್ಧ ನಿಮಿಷವಾಯಿತು. ‘ನೋಡಿ ಅಂಕಲ್, ಇಷ್ಟೇ’ ಎಂದು ಅವಳು ಗುಂಡಿಯನ್ನು ಒತ್ತಿ ಹಿಡಿದು ಆರಿಸಲು ಕೈ ಚಾಚಿದಳು. ನಾನು ತಡೆದೆ. ಬೆಳಗಿನಿಂದ ಅವಳೂ, ಅಂಗಡಿಯ ಹುಡುಗನೂ ಮಾಡಿದ್ದು ಇದನ್ನೇ.

ಹೀಗೆ ಪದೇ ಪದೇ ಗುಂಡಿ ಒತ್ತಿ ಹಿಡಿದು ಆರಿಸುವುದು ಒಳ್ಳೆಯದಲ್ಲ. ಡಿಸ್ಕಿಗೆ ಬರೆಯುತ್ತಿದ್ದ ಮಾಹಿತಿ ಅರ್ಧಕ್ಕೆ ನಿಂತು, ಇಲ್ಲದ ತೊಂದರೆಯನ್ನು ನಾವೇ ತಂದುಕೊಂಡಂತಾಗುತ್ತದೆ. ಮೊದಲ ಸಲವಾದರೂ ಎರಡು ಮೂರು ನಿಮಿಷ ಸುಮ್ಮನೆ ಕುಳಿತು ನೋಡಿ.

ಆ ಲಾಂಛನ, ಚಕ್ರಗಳಿವೆಯಲ್ಲ, ಅವು ನಾಟಕದ ಪರದೆಯಿದ್ದಂತೆ. ಹಿಂದೆ ನಡೆಯುತ್ತಿರುವ ಗಡಿಬಿಡಿ ಪ್ರೇಕ್ಷಕರಿಗೆ ಕಾಣದಿರಲಿ ಎಂದು ಇಳಿಬಿಟ್ಟದ್ದು. ಎಲ್ಲ ಸರಿಯಿದ್ದಾಗ ಚಂದ. ತೊಂದರೆಯಾದಾಗ ನಾವು ನೋಡಬೇಕಾದದ್ದು ಪರದೆಯ ಹಿಂದೆ. ಅದನ್ನು ಸರಿಸುವುದು ಕಷ್ಟವಲ್ಲ: ಚಕ್ರ ತಿರುಗುತ್ತಿರುವಾಗ ಎಡ ಮೂಲೆಯ ಎಸ್ಕೇಪ್ ಕೀಲಿಯನ್ನು ಒಮ್ಮೆ ಒತ್ತಿದರೆ ಸಾಕು. ಚಿತ್ರ ಮಾಯವಾಗಿ ಸಾಲು ಸಾಲು ಅಕ್ಷರ ಕಾಣುತ್ತದೆ.

ಅದಕ್ಕೂ ಬಗ್ಗದಿದ್ದರೆ ದ್ವಾರಪಾಲಕ ಗ್ರಬ್‌ನನ್ನೇ ಮಾತನಾಡಿಸಬೇಕು. ಉಬುಂಟು ಮತ್ತು ಅದರ ಬಳಗದ ಲಿನಕ್ಸ್‌ಗಳಲ್ಲಿ, ಕಂಪೆನಿಯ ಲಾಂಛನ ಮಾಯವಾಗುತ್ತಿದ್ದಂತೆ ಎಸ್ಕೇಪ್ ಒತ್ತಿದರೆ ಗ್ರಬ್‌ನ ಪಟ್ಟಿ ಬರುತ್ತದೆ. ಹಳೆಯ ಬಯಾಸ್ ಯಂತ್ರಗಳಲ್ಲಿ ಶಿಫ್ಟ್ ಕೀಲಿಯನ್ನು ಹಿಡಿದಿರಬೇಕು. ಆತುರದಲ್ಲಿ ಎಸ್ಕೇಪನ್ನು ನಾಲ್ಕಾರು ಸಲ ಒತ್ತಿ ಬರೀ ಕಪ್ಪು ತೆರೆಯಲ್ಲಿ ಸಿಕ್ಕಿಕೊಂಡರೆ ಗಾಬರಿ ಬೇಡ, ಮತ್ತೆ ಮೊದಲಿಂದ ಆರಂಭಿಸಿ. ಪಟ್ಟಿಯ ಮೊದಲ ಸಾಲಿನ ಮೇಲೆ ನಿಂತು ‘ಇ’ ಅಕ್ಷರದ ಕೀಲಿ ಒತ್ತಿ. ಹಲವು ಸಾಲು ಕಾಣುತ್ತವೆ. ‘ಲಿನಕ್ಸ್’ ಎಂಬ ಪದದಿಂದ ಆರಂಭವಾಗುವ ಉದ್ದನೆಯ ಸಾಲಿನ ಕೊನೆಯಲ್ಲಿ ‘ಕ್ವೈಯೆಟ್ ಸ್ಪ್ಲಾಷ್’ ಎಂಬ ಎರಡು ಪದಗಳಿರುತ್ತವೆ. ಮೊದಲನೆಯದರ ಅರ್ಥ ಸುಮ್ಮನಿರು. ಎರಡನೆಯದರ ಅರ್ಥ ಚಿತ್ರ ತೋರಿಸು. ಎರಡನ್ನೂ ಅಳಿಸಿ, ಕಂಟ್ರೋಲ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಈಗ ಲಿನಕ್ಸ್ ಬಾಯಿಬಿಟ್ಟು ಮಾತಾಡುತ್ತ ಏಳುತ್ತದೆ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ; ಮುಂದಿನ ಸಲ ಎಲ್ಲ ಮೊದಲಿನಂತೆಯೇ ಇರುತ್ತದೆ. ಆದ್ದರಿಂದ ಅಂಜಿಕೆ ಬೇಡ.

ಕೊನೆಯಲ್ಲಿ ನಿಂತ ಸಾಲು ಯಾವುದೋ ಅದರ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಯಾರನ್ನೇ ಕೇಳಲು ಹೋದರೂ ‘ಹ್ಯಾಂಗ್ ಆಗಿದೆ’ ಎನ್ನುವುದಕ್ಕಿಂತ ಆ ಫೋಟೋ ನೂರು ಪಾಲು ಉಪಯೋಗಕ್ಕೆ ಬರುತ್ತದೆ.

ತೊಂಬತ್ತು ಸೆಕೆಂಡು

ಹುಡುಗಿಯ ಯಂತ್ರದಲ್ಲಿ ಎಸ್ಕೇಪ್ ಒತ್ತಿದೆವು. ಹಸಿರು ಅಕ್ಷರದ ‘ಓಕೆ’ಗಳ ಸಾಲಿನ ಕೆಳಗೆ ಒಂದು ಸಾಲು ಮಾತ್ರ ಮಿಸುಕಾಡುತ್ತಿತ್ತು. ಒಂದು ಡಿಸ್ಕಿನ ಉದ್ದನೆಯ ಗುರುತು ಸಂಖ್ಯೆ, ಅದರ ಪಕ್ಕದಲ್ಲಿ ಏರುತ್ತಿರುವ ಸೆಕೆಂಡುಗಳ ಲೆಕ್ಕ, ಅದರ ಮುಂದೆ ‘ಒಂದು ನಿಮಿಷ 30 ಸೆಕೆಂಡು’ ಎಂಬ ಗಡುವು. ಅಂದರೆ ಸಿಸ್ಟಂಡಿ ಮಹಾಶಯರು ಒಂದು ಡಿಸ್ಕಿಗಾಗಿ ದಾರಿ ಕಾಯುತ್ತಿದ್ದರು! ಬಾರದಿದ್ದರೆ ಇಷ್ಟು ಹೊತ್ತು ಕಾಯಬೇಕೆಂದು ಅದಕ್ಕೆ ಕಟ್ಟಿಕೊಟ್ಟಿರುವ ಅವಧಿ ಸಾಮಾನ್ಯವಾಗಿ 90 ಸೆಕೆಂಡು. ಬೆಳಗಿನಿಂದ ಯಾರೂ ಅಷ್ಟು ಹೊತ್ತು ಕಾದಿರಲಿಲ್ಲ. ಮೂವತ್ತಕ್ಕೋ ನಲವತ್ತಕ್ಕೋ ಗುಂಡಿ ಒತ್ತಿ ಆರಿಸುತ್ತಿದ್ದರು.

ನಾವು ಕಾದೆವು. ಗಡುವು ಮುಗಿದೊಡನೆ ತೆರೆಯ ಮೇಲೆ, ‘ನೀವು ತುರ್ತು ಸ್ಥಿತಿಯಲ್ಲಿದ್ದೀರಿ, ದುರಸ್ತಿಗೆ ಎಂಟರ್ ಒತ್ತಿ’ ಎಂಬ ಅರ್ಥದ ಇಂಗ್ಲಿಷ್ ಸಾಲುಗಳು ಬಂದವು. ಮೇಷ್ಟ್ರು ‘ತುರ್ತು’ ಎಂಬುದನ್ನು ಓದಿ ಗಾಬರಿಯಾದರು. ನನಗೋ ಹೋದ ಜೀವ ಬಂದಂತಾಯಿತು. ಯಂತ್ರ ಮಾತಾಡುತ್ತಿದೆ, ನಾವು ಹೇಳಿದ್ದನ್ನು ಕೇಳಲು ಸಿದ್ಧವಿದೆ ಎಂದಾಯಿತಲ್ಲ!

‘ಯಾವ ಡಿಸ್ಕಮ್ಮಾ ಇದು?’ ಎಂದು ಕೇಳಿದೆ. ಹುಡುಗಿ ಒಂದು ಕ್ಷಣ ಯೋಚಿಸಿ ತಲೆಯ ಮೇಲೆ ಕೈಯಿಟ್ಟುಕೊಂಡಳು. ‘ಅಯ್ಯೋ, ಅಣ್ಣ!’

ಸಂಗತಿ ಇಷ್ಟು. ಮನೆಯವರ ಹಳೆಯ ಫೋಟೋಗಳು, ಸಿನಿಮಾಗಳು ಇದ್ದ ಹೊರಗಿನ ಹಾರ್ಡ್‌ಡಿಸ್ಕೊಂದು ಎರಡು ತಿಂಗಳಿಂದ ಅವಳ ಮೇಜಿನ ಮೇಲೆ, ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಂಡೇ ಇತ್ತು. ಪ್ರತಿ ಸಲವೂ ಅದು ತಾನಾಗಿಯೇ ತೆರೆದುಕೊಳ್ಳಲಿ ಎಂದು ಅವಳು ಎಲ್ಲೋ ಓದಿ, ಎಫ್‌ಎಸ್‌ಟ್ಯಾಬ್ ಎಂಬ ಕಡತಕ್ಕೆ ಒಂದು ಸಾಲು ಸೇರಿಸಿದ್ದಳು. ಏಳುವಾಗ ಯಾವ ಯಾವ ಡಿಸ್ಕನ್ನು ಎಲ್ಲಿ ಕೂರಿಸಬೇಕೆಂದು ಲಿನಕ್ಸ್ ನೋಡಿಕೊಳ್ಳುವ ಹಾಜರಿ ಪುಸ್ತಕ ಅದು. ಶನಿವಾರ ರಾತ್ರಿ ಅಣ್ಣ ಹುಬ್ಬಳ್ಳಿಗೆ ಕೆಲಸಕ್ಕೆ ವಾಪಸು ಹೋಗುವಾಗ, ಫೋಟೋಗಳ ಪ್ರತಿ ಮಾಡಿಕೊಳ್ಳಲು ಆ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ್ದ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಹುಡುಗ ಶಾಲೆಗೆ ಬಂದಿಲ್ಲ. ಮಗಳು ‘ಏನೂ ಬದಲಾಯಿಸಿಲ್ಲ’ ಎಂದದ್ದು ಸುಳ್ಳಲ್ಲ. ಬದಲಾಗಿದ್ದು ಲ್ಯಾಪ್‌ಟಾಪಿನ ಒಳಗಲ್ಲ, ಮೇಜಿನ ಮೇಲೆ.

ಎಂಟರ್ ಒತ್ತಿ, ನ್ಯಾನೊ ಎಂಬ ಸಣ್ಣ ಸಂಪಾದಕದಲ್ಲಿ ಆ ಕಡತವನ್ನು ತೆರೆದು, ಅವಳು ಸೇರಿಸಿದ್ದ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿಸಿದೆ. ಅದಿದ್ದರೆ ಆ ಸಾಲನ್ನು ಲಿನಕ್ಸ್ ಓದದೆ ಮುಂದೆ ಹೋಗುತ್ತದೆ. ಉಳಿಸಿ, ಮತ್ತೆ ಆರಂಭಿಸಿದೆವು. ಒಂದೇ ಒಂದು ಅಕ್ಷರ! ಸ್ವಲ್ಪ ಹೊತ್ತಿನಲ್ಲಿ ಅವಳ ಹೆಸರಿನ ತೆರೆ ಬಂತು. ಹೀಗೆ ಆಗದಂತೆ ಮೊದಲೇ ನೋಡಿಕೊಳ್ಳಲೂ ಬಹುದಿತ್ತು. ಹೊರಗಿನ ಡಿಸ್ಕಿನ ಸಾಲಿನಲ್ಲಿ ‘ನೋಫೇಲ್’ ಎಂಬ ಪದ ಸೇರಿಸಿದ್ದರೆ, ಡಿಸ್ಕ್ ಇಲ್ಲದಿದ್ದರೂ ಲಿನಕ್ಸ್ ಹಟ ಹಿಡಿಯದೆ ಏಳುತ್ತಿತ್ತು.

ಇನ್ನೂ ಯಾವುದಕ್ಕೆಲ್ಲ ಕಾಯುತ್ತದೆ?

ಎಲ್ಲರ ಮನೆಯ ದೋಸೆಯೂ ತೂತೇ. ತೂತು ಮಾತ್ರ ಬೇರೆ ಬೇರೆ ಕಡೆ. ಸಾಮಾನ್ಯವಾಗಿ ಕಾಣುವ ಇನ್ನು ಕೆಲವು ಕಾರಣಗಳನ್ನು ಕೋಲು ಸಾಗುವ ಕ್ರಮದಲ್ಲೇ ನೋಡೋಣ.

ಕಂಪೆನಿಯ ಲಾಂಛನದಲ್ಲೇ ನಿಂತರೆ ತಪ್ಪು ಲಿನಕ್ಸಿನದಲ್ಲದಿರಬಹುದು. ಅದರ ಸರದಿ ಇನ್ನೂ ಬಂದೇ ಇಲ್ಲ. ಪೆನ್‌ಡ್ರೈವ್, ಮೌಸ್, ಪ್ರಿಂಟರ್ ಕೇಬಲ್ ಹೀಗೆ ಸಿಕ್ಕಿಸಿದ್ದೆಲ್ಲವನ್ನೂ ಕಿತ್ತು ಮತ್ತೊಮ್ಮೆ ಆನ್ ಮಾಡಿ. ಸೆಟಪ್ ತೆರೆಗೆ ಹೋಗಿ ಡಿಸ್ಕಿನ ಹೆಸರು ಅಲ್ಲಿ ಕಾಣುತ್ತದೆಯೇ ನೋಡಿ. ಅಲ್ಲೂ ಕಾಣದಿದ್ದರೆ ಅದು ಯಂತ್ರಾಂಶದ ತೊಂದರೆ. ಆಗ ಅಂಗಡಿಯೇ ಸರಿ.

ಲಿನಕ್ಸನ್ನು ಹೊಸದಾಗಿಸಿದ ಮರುದಿನ ನಿಂತಿತೇ? ಹೊಸ ಕರ್ನಲ್ ಬಂದಾಗ ಹಳೆಯದನ್ನು ಉಬುಂಟು ಕೂಡಲೇ ಎಸೆಯುವುದಿಲ್ಲ. ಗ್ರಬ್‌ನ ಪಟ್ಟಿಯಲ್ಲಿ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಎಂಬಲ್ಲಿ ಹಳೆಯ ಕರ್ನಲ್ ಇರುತ್ತದೆ. ಅದನ್ನು ಆರಿಸಿ ನೋಡಿ. 2018ರ ಜನವರಿಯಲ್ಲಿ ಇಂಥ ಪ್ರಸಂಗವೇ ನಡೆಯಿತು. ಪ್ರೊಸೆಸರುಗಳಲ್ಲಿ ಪತ್ತೆಯಾದ ಮೆಲ್ಟ್‌ಡೌನ್ ಎಂಬ ದೋಷಕ್ಕೆ ಮದ್ದಾಗಿ ಉಬುಂಟು 16.04ಕ್ಕೆ 4.4.0-108 ಎಂಬ ಕರ್ನಲ್ ಬಂತು. ಕೆಲವರ ಯಂತ್ರಗಳು ಅದನ್ನು ಹಾಕಿಕೊಂಡ ಮೇಲೆ ಏಳಲೇ ಇಲ್ಲ. ಹಳೆಯ ಕರ್ನಲ್ಲನ್ನು ಆರಿಸಿ ಎಬ್ಬಿಸಿಕೊಂಡವರು ಕೆಲಸ ಮುಂದುವರಿಸಿದರು. ಬೆನ್ನಿಗೇ ಬಂದ 4.4.0-109 ಆ ತಪ್ಪನ್ನು ತಿದ್ದಿತು.

ಲಾಂಛನ ಹೋಗಿ ಬರೀ ಕಪ್ಪು ತೆರೆ ಉಳಿದರೆ ಅನುಮಾನ ಚಿತ್ರದ ಚಿಪ್ಪಿನ ಮೇಲೆ. ಆಟಗಳಿಗೆಂದು ಎರಡನೆಯ ಗ್ರಾಫಿಕ್ಸ್ ಚಿಪ್ಪು ಇರುವ ಲ್ಯಾಪ್‌ಟಾಪುಗಳಲ್ಲಿ ಇದು ಹೆಚ್ಚು. ಮೇಲೆ ಹೇಳಿದಂತೆ ‘ಇ’ ಒತ್ತಿ, ‘ಕ್ವೈಯೆಟ್ ಸ್ಪ್ಲಾಷ್’ ಇದ್ದ ಜಾಗದಲ್ಲಿ ‘ನೋಮೋಡ್‌ಸೆಟ್’ ಎಂದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಿರಿ. ತೆರೆಯ ವಿಷಯದಲ್ಲಿ ಜಾಣತನ ಬೇಡ, ಸಾದಾ ರೀತಿಯಲ್ಲಿ ತೋರಿಸು ಎಂದು ಕರ್ನಲ್ಲಿಗೆ ಹೇಳಿದಂತೆ. ಚಿತ್ರ ಸ್ವಲ್ಪ ಒರಟಾಗಿ ಕಂಡೀತು, ಆದರೆ ಎದ್ದೀತು. ಎದ್ದ ಮೇಲೆ ಸರಿಯಾದ ಚಾಲಕ ತಂತ್ರಾಂಶ ಹಾಕಿಕೊಳ್ಳಬೇಕು. ‘ನೋಮೋಡ್‌ಸೆಟ್’ ಊರುಗೋಲು, ಕಾಲಲ್ಲ.

‘ಇನಿಟ್‌ರಾಮ್‌ಎಫ್‌ಎಸ್’ ಎಂದು ಬರೆದು ಅದರ ಮುಂದೆ ಸುಮ್ಮನೆ ನಿಂತರೆ, ಕರ್ನಲ್ಲಿಗೆ ತನ್ನ ಮುಖ್ಯ ಡಿಸ್ಕನ್ನು ತೆರೆಯಲಾಗಿಲ್ಲ. ಅಲ್ಲಿ ‘ಎಕ್ಸಿಟ್’ ಎಂದು ಬರೆದು ಎಂಟರ್ ಒತ್ತಿದರೆ ಯಾವ ಭಾಗದಲ್ಲಿ ತೊಂದರೆ ಎಂದು ಹೇಳುವುದುಂಟು. ದಿಢೀರೆಂದು ಕರೆಂಟು ಹೋಗಿಯೋ, ಗುಂಡಿ ಒತ್ತಿ ಆರಿಸಿಯೋ ಕಡತಗಳ ಲೆಕ್ಕ ಕಲಸಿಹೋಗಿದ್ದರೆ ‘ಎಫ್‌ಎಸ್‌ಸಿಕೆ’ ಎಂಬ ಆದೇಶ ಅದನ್ನು ಸರಿಪಡಿಸುತ್ತದೆ. ಆದರೆ ಡಿಸ್ಕೇ ಸವೆದಿದ್ದರೆ ಈ ಆದೇಶದಿಂದ ಕೆಡುಕೂ ಆದೀತು. ಹಾಗಾಗಿ ಅನುಮಾನವಿದ್ದರೆ ಮೊದಲು ಕಡತಗಳನ್ನು ಹೊರಗೆ ತೆಗೆದುಕೊಳ್ಳಿ. ಹೇಗೆಂದು ಮುಂದೆ ಹೇಳಿದೆ.

ಗುಪ್ತಪದ ಸರಿಯಾಗಿ ಕೊಟ್ಟರೂ ಮತ್ತೆ ಗುಪ್ತಪದ ಕೇಳುವ ತೆರೆಗೇ ಬರುತ್ತಿದೆಯೇ? ಡಿಸ್ಕ್ ತುಂಬಿರಬಹುದು. ಸಿನಿಮಾಗಳಿಂದ ಡಿಸ್ಕ್ ತುಂಬಿಸಿಟ್ಟುಕೊಂಡ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿದರೆ ಬರೀ ಅಕ್ಷರಗಳ ತೆರೆ ಬರುತ್ತದೆ. ಅಲ್ಲಿ ಒಳಹೊಕ್ಕು ‘ಡಿಎಫ್’ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ ಮತ್ತು ‘ಎಚ್’ ಬರೆದರೆ ಎಷ್ಟು ತುಂಬಿದೆ ಎಂದು ತಿಳಿಯುತ್ತದೆ. ನೂರಕ್ಕೆ ನೂರು ಎಂದಿದ್ದರೆ ನಿಮ್ಮದೇ ಬೇಡವಾದ ಕಡತಗಳನ್ನು ಅಳಿಸಿ.

ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಇನ್ನೊಂದು ಮಾತು. 2024ರ ಆಗಸ್ಟಿನಲ್ಲಿ ವಿಂಡೋಸ್‌ಗೆ ಬಂದ ಒಂದು ಸುರಕ್ಷಾ ಪರಿಷ್ಕರಣೆಯ ನಂತರ ಹಲವರ ಯಂತ್ರಗಳಲ್ಲಿ ಲಿನಕ್ಸ್ ಏಳುವುದು ನಿಂತಿತು. ಸೆಕ್ಯೂರ್ ಬೂಟ್ ಎಂಬ ಕಾವಲುಗಾರ ಹಳೆಯ ಗ್ರಬ್‌ನ ಗುರುತು ಚೀಟಿಯನ್ನು ಒಪ್ಪದೆ ಹೋದದ್ದು ಕಾರಣ. ಆ ಕಾವಲನ್ನು ಸೆಟಪ್‌ನಲ್ಲಿ ತಾತ್ಕಾಲಿಕವಾಗಿ ತೆಗೆದು ಎಷ್ಟೋ ಜನ ದಾರಿ ಮಾಡಿಕೊಂಡರು. ಆದರೆ ಹಾಗೆ ಮಾಡುವ ಮುನ್ನ ಎಚ್ಚರ! ವಿಂಡೋಸ್ ಭಾಗಕ್ಕೆ ಬಿಟ್‌ಲಾಕರ್ ಬೀಗ ಇದ್ದರೆ, ಸೆಕ್ಯೂರ್ ಬೂಟ್ ಬದಲಾದ ಕೂಡಲೇ ಅದು 48 ಅಂಕಿಗಳ ಕೀಲಿ ಕೇಳಬಹುದು. ಆ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಅದೃಷ್ಟಕ್ಕೆ ಕಾದ ಯಂತ್ರ

ಕಾಯುವುದರಲ್ಲಿ ಎಲ್ಲಕ್ಕಿಂತ ತಮಾಷೆಯ ಪ್ರಸಂಗ 2019ರ ಸೆಪ್ಟೆಂಬರಿನದು. ಗುಪ್ತ ಸಂಕೇತಗಳನ್ನು ಕಟ್ಟಲು ಕಂಪ್ಯೂಟರಿಗೆ ಯಾರೂ ಊಹಿಸಲಾಗದ ಸಂಖ್ಯೆಗಳು ಬೇಕು. ಲೆಕ್ಕಾಚಾರವೇ ಬದುಕಾದ ಯಂತ್ರ ಅಂಥ ಸಂಖ್ಯೆಯನ್ನು ಎಲ್ಲಿಂದ ತರಬೇಕು? ಕೀಲಿ ಒತ್ತುವ, ಮೌಸ್ ಅಲುಗಾಡುವ, ಡಿಸ್ಕ್ ಓದುವ ಹೊತ್ತುಗಳ ಸಣ್ಣ ಸಣ್ಣ ಏರುಪೇರುಗಳನ್ನು ಲಿನಕ್ಸ್ ಕೂಡಿಡುತ್ತದೆ. ಕವಡೆ ಕುಲುಕಿದ ಹಾಗೆ.

ಆಗ 5.3 ಸಂಖ್ಯೆಯ ಕರ್ನಲ್ ಪರೀಕ್ಷೆಯಲ್ಲಿತ್ತು. ಡಿಸ್ಕನ್ನು ಕಡಿಮೆ ಸಲ ಓದಿ ಬೇಗ ಕೆಲಸ ಮುಗಿಸುವಂಥ ಒಂದು ಸುಧಾರಣೆಯನ್ನು ಅದರಲ್ಲಿ ಸೇರಿಸಿದ್ದರು. ಫಲ? ಪರೀಕ್ಷಿಸುತ್ತಿದ್ದ ಒಬ್ಬ ತಜ್ಞರ ಲ್ಯಾಪ್‌ಟಾಪ್ ಏಳುವಾಗ ನಿಂತೇಬಿಟ್ಟಿತು. ಡಿಸ್ಕಿನ ಓಡಾಟ ಕಡಿಮೆಯಾದ್ದರಿಂದ ಏರುಪೇರು ಸಾಲದಾಯಿತು. ಐದನೆಯ ಓಟಗಾರ ಊಹಿಸಲಾಗದ ಸಂಖ್ಯೆ ಕೇಳಿದ, ಕರ್ನಲ್ ‘ತಾಳು’ ಎಂದಿತು. ಇಬ್ಬರೂ ಕಾಯುತ್ತ ಕುಳಿತರು. ಇಬ್ಬರೂ ಸುಮ್ಮನಿದ್ದುದರಿಂದ ಹೊಸ ಏರುಪೇರು ಹುಟ್ಟಲೇ ಇಲ್ಲ! ಇಂಥ ಹೊತ್ತಿನಲ್ಲಿ ಕೀಲಿಮಣೆಯ ಮೇಲೆ ಸುಮ್ಮನೆ ನಾಲ್ಕಾರು ಕೀಲಿ ಕುಟ್ಟಿದರೂ ಯಂತ್ರಕ್ಕೆ ಬೇಕಾದದ್ದು ಸಿಕ್ಕೀತು. ಟೊರ್ವಾಲ್ಡ್ಸ್ ಆ ಸುಧಾರಣೆಯನ್ನೇ ಹಿಂತೆಗೆದುಕೊಂಡು ಸೆಪ್ಟೆಂಬರ್ 15ರಂದು 5.3ನ್ನು ಬಿಡುಗಡೆ ಮಾಡಿದರು. ಮುಂದಿನ 5.4ರಲ್ಲಿ, ಪ್ರೊಸೆಸರಿನ ಸಮಯದ ಏರುಪೇರಿನಿಂದಲೇ ಅಂಥ ಸಂಖ್ಯೆ ಹುಟ್ಟಿಸಿಕೊಳ್ಳುವ ಏರ್ಪಾಡು ಬಂತು.

ಡಿಸ್ಕಿನಲ್ಲಿ ಆದ ಒಳ್ಳೆಯ ಬದಲಾವಣೆ ಎಲ್ಲೋ ಇನ್ನೊಂದು ಕಡೆ ಗಂಟು ಹಾಕಿತ್ತು. ಮೇಷ್ಟ್ರ ಮನೆಯಲ್ಲಿ ಹುಬ್ಬಳ್ಳಿಯ ಬಸ್ಸು ಹತ್ತಿದ ಡಿಸ್ಕಿನ ಕಥೆಯೂ ಇದೇ ಅಲ್ಲವೇ? ಅದಕ್ಕೇ ‘ಏನು ಬದಲಾಯಿತು’ ಎಂದು ಕೇಳಿಕೊಳ್ಳುವಾಗ ಸುತ್ತಮುತ್ತಲೂ ಕಣ್ಣು ಹಾಯಿಸಬೇಕು.

ಮೊದಲು ಪೈರು, ಆಮೇಲೆ ಕಳೆ

ಏನು ಮಾಡಿದರೂ ಯಂತ್ರ ಏಳದಿದ್ದರೆ? ಆಗಲೂ ನಿಮ್ಮ ಬರಹ ಹೋಯಿತೆಂದಲ್ಲ. ಗೆಳೆಯರ ಕಂಪ್ಯೂಟರಿನಲ್ಲಿ ಒಂದು ಪೆನ್‌ಡ್ರೈವ್‌ಗೆ ಲಿನಕ್ಸ್ ತುಂಬಿಕೊಳ್ಳಿ. 8 ಜಿಬಿಯದು ಬೇಕಾದೀತು, ಅದರಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ. ಆ ಪೆನ್‌ಡ್ರೈವಿನಿಂದ ನಿಮ್ಮ ಯಂತ್ರವನ್ನು ಎಬ್ಬಿಸಿ. ಬರುವ ತೆರೆಯಲ್ಲಿ ‘ಟ್ರೈ’ ಎಂಬುದನ್ನೇ ಆರಿಸಿ, ‘ಇನ್‌ಸ್ಟಾಲ್’ ಎಂಬುದನ್ನು ಮುಟ್ಟಬೇಡಿ. ಹೀಗೆ ಎದ್ದ ಲಿನಕ್ಸ್ ನಿಮ್ಮ ಡಿಸ್ಕಿಗೆ ಏನೂ ಬರೆಯದೆ, ಅತಿಥಿಯ ಹಾಗೆ ಒಳಗೆ ಬಂದು ಕೂರುತ್ತದೆ. ಡಿಸ್ಕನ್ನು ತೆರೆದು ಬೇಕಾದ ಕಡತಗಳನ್ನು ಇನ್ನೊಂದು ಪೆನ್‌ಡ್ರೈವ್‌ಗೆ ಪ್ರತಿ ಮಾಡಿಕೊಳ್ಳಿ. ಡಿಸ್ಕಿಗೆ ಬೀಗ ಹಾಕಿದ್ದರೆ ಅದರ ಗುಪ್ತಪದ ನಿಮಗೆ ನೆನಪಿರಬೇಕು. ಇಷ್ಟಾದ ಮೇಲೆ ಫಾರ್ಮ್ಯಾಟ್ ಎಂಬ ಮಾತಿಗೆ ಹೆದರಬೇಕಾಗಿಲ್ಲ.

ತಂದೆ ತಾಯಂದಿರಿಗೆ ಎರಡು ಮಾತು. ಅಂಗಡಿಗೆ ಹೋದಾಗ ‘ರಿಪೇರಿಗೆ ಎಷ್ಟು?’ ಎಂದು ಕೇಳುವ ಮೊದಲು ‘ಒಳಗಿನ ಕಡತಗಳನ್ನು ಮೊದಲು ಹೊರಗೆ ತೆಗೆದುಕೊಡುತ್ತೀರಾ?’ ಎಂದು ಕೇಳಿ. ‘ಹೌದು’ ಎನ್ನುವವರಿಗೆ ಮಾತ್ರ ಯಂತ್ರ ಕೊಡಿ. ಡಿಸ್ಕಿನಿಂದ ಕಟ ಕಟ ಸದ್ದು ಬರುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಬ್ಯಾಟರಿ ಉಬ್ಬಿದ್ದರೆ ಮನೆಯಲ್ಲಿ ಯಾವ ಪ್ರಯೋಗವೂ ಬೇಡ, ಮತ್ತೆ ಆನ್ ಮಾಡುವುದೂ ಬೇಡ. ಇನ್ನೊಂದು: ಪರೀಕ್ಷೆಯ ಮುನ್ನಾದಿನ ಯಂತ್ರ ಕೈಕೊಟ್ಟಾಗ ‘ನಿನ್ನಿಂದಲೇ ಕೆಟ್ಟಿತು’ ಎಂದು ಮಕ್ಕಳನ್ನು ಗದರಬೇಡಿ. ಗದರಿಸಿಕೊಂಡ ಮಗು ತಾನು ಏನು ಮಾಡಿದೆ ಎಂಬುದನ್ನು ಮುಚ್ಚಿಡುತ್ತದೆ. ರಿಪೇರಿಗೆ ಬೇಕಾದದ್ದು ಸರಿಯಾಗಿ ಆ ಸಂಗತಿಯೇ.

ವಿದ್ಯಾರ್ಥಿಗಳೇ, ನಿಮಗೂ ಮೂರು ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ; ಏನು ಮಾಡಿದಿರಿ, ಏನಾಯಿತು ಎಂದು ಒಂದು ನೋಟ್‌ಪುಸ್ತಕದಲ್ಲಿ ಬರೆಯಿರಿ. ಎರಡನೆಯದು, ಅರ್ಥವಾಗದ ಆದೇಶವನ್ನು ಎಲ್ಲಿಂದಲೋ ನಕಲು ಮಾಡಿ ಓಡಿಸಬೇಡಿ. ಲಿನಕ್ಸ್ ವಿಧೇಯ, ಡಿಸ್ಕನ್ನು ಅಳಿಸೆಂದರೆ ಮರುಪ್ರಶ್ನೆಯಿಲ್ಲದೆ ಅಳಿಸುವ ಆದೇಶಗಳೂ ಅದರಲ್ಲಿವೆ. ಮೂರನೆಯದು, ಒಂದೇ ಕಡೆ ಇರುವ ಬರಹವನ್ನು ಬರೆದೇ ಇಲ್ಲವೆಂದು ತಿಳಿಯಿರಿ. ಬರೆದದ್ದನ್ನು ದಿನವೂ ಮಲಗುವ ಮುನ್ನ ಇನ್ನೊಂದು ಕಡೆ ಪ್ರತಿ ಮಾಡಲು ಹೆಚ್ಚು ಹೊತ್ತು ಬೇಡ.

ಅಂದು ಮಧ್ಯಾಹ್ನ ಆ ಹುಡುಗಿ ಮೊದಲು ಮಾಡಿದ ಕೆಲಸ, ವರದಿಯನ್ನು ಎರಡು ಪೆನ್‌ಡ್ರೈವ್‌ಗಳಿಗೆ ಹಾಕಿಕೊಂಡದ್ದು. ಆಮೇಲೆ ಅಣ್ಣನಿಗೆ ಫೋನು ಮಾಡಿ ಚೆನ್ನಾಗಿ ಬೈದಳಂತೆ. ಪಾಪ, ಅವನಿಗೆ ತಾನು ಮಾಡಿದ ತಪ್ಪೇನೆಂದು ಕೊನೆಗೂ ಅರ್ಥವಾಗಲಿಲ್ಲ. ಸೋಮವಾರ ವರದಿ ಹೊತ್ತಿಗೆ ಸರಿಯಾಗಿ ಕಾಲೇಜು ತಲುಪಿತು.

ಮೇಷ್ಟ್ರು ಹೊರಡುವಾಗ ಬಾಗಿಲಲ್ಲಿ ನಿಂತು, ‘ಅಲ್ಲ ಸಾರ್, ತೊಂಬತ್ತು ಸೆಕೆಂಡ್ ಸುಮ್ನಿದ್ದಿದ್ರೆ ಅದೇ ಹೇಳ್ತಿತ್ತಲ್ಲ!’ ಎಂದರು. ಆಮೇಲೆ ಏನೋ ನೆನಪಾದವರಂತೆ ನಕ್ಕರು. ‘ನಮ್ಮ ಕ್ಲಾಸಲ್ಲೂ ಹಾಗೇ. ಪ್ರಶ್ನೆ ಕೇಳಿ, ಹುಡುಗ ಬಾಯಿ ಬಿಡೋ ಮೊದಲೇ ದಡ್ಡ ಅಂದುಬಿಡ್ತೀವಿ.’